ಚನ್ನಣ್ಣ ಒಲ್ಲೆ ಎಂದಿರಲಿಲ್ಲ

ಚನ್ನಬಸಪ್ಪನವರು ಒಲ್ಲೆ ಅಂದರು ಎಂದು ನಾನು ಹೇಳಿದ್ದು ಸುಳ್ಳು. ಅವರು ಒಲ್ಲೆ ಅಂದಿರಲಿಲ್ಲ. ಬೇಕು ಎಂದೂ ಅಂದಿರಲಿಲ್ಲ — ಅವರನ್ನು ಯಾರೂ ಕೇಳಿರಲೇ ಇಲ್ಲ. ಕೇಳಬೇಕಾದವನು ನಾನು. ಕೇಳದೆಯೇ ಕೇಳಿದೆನೆಂದು ಹೇಳಿ, ಅವರ ಉತ್ತರವನ್ನೂ ನಾನೇ ಕೊಟ್ಟು, ಅವರಿಗೆ ಸಲ್ಲಬೇಕಾದ ಜಾಗದಲ್ಲಿ ಹೋಗಿ ಕುಳಿತೆ. ಇದು ಮೋಸ. ಇಷ್ಟು ವರ್ಷ ಮುಚ್ಚಿಟ್ಟಿದ್ದೆ.

ನಮ್ಮ ಜಿಲ್ಲೆಯ ವೈದ್ಯರ ಸಂಘದ ಮಾಸಪತ್ರಿಕೆಯಲ್ಲಿ ಈ ಪುಟ ನನ್ನ ಪಾಲಿನದು. ಯಾವ ಹೊಸ ಔಷಧ ಬಂತು, ಯಾವುದನ್ನು ಕೈ ಬಿಗಿಹಿಡಿದು ಕೊಡಬೇಕು, ಸರ್ಕಾರ ಯಾವ ನಿಯಮ ತಿದ್ದಿತು, ನೋಂದಣಿಯ ವಿಚಾರದಲ್ಲಿ ಏನು ಬದಲಾಯಿತು — ಇವನ್ನೆಲ್ಲ ನೀವು ತಿಂಗಳು ತಿಂಗಳು ಇಲ್ಲಿ ಓದುತ್ತೀರಿ. ಓದಿ ನಂಬುತ್ತೀರಿ. ಆ ನಂಬಿಕೆಯೇ ಈಗ ನನ್ನ ಗಂಟಲಿಗೆ ಸಿಕ್ಕ ಮುಳ್ಳು. ಸುದ್ದಿ ಮುಟ್ಟಿಸುವ ಕೆಲಸದಲ್ಲಿ ನಾನು ಮಾಡಿದಂಥ ಮೋಸವನ್ನು ಈ ಜಿಲ್ಲೆಯಲ್ಲಿ ಇನ್ನೊಬ್ಬ ಮಾಡಿರಲಾರ. ಆದ್ದರಿಂದ ಈ ತಿಂಗಳು ಇಲಾಖೆಯ ಸುದ್ದಿಗಳು ಕಾಯಲಿ.

ಪತ್ರಿಕೆಯಲ್ಲಿ ಚನ್ನಬಸಪ್ಪನವರು ಎಂದು ಬರೆಯುವುದು ಮರ್ಯಾದೆ. ಆದರೆ ನನಗೆ ಅವನು ಚನ್ನಣ್ಣ. ಹಾಗೆಯೇ ಬರೆಯುತ್ತೇನೆ, ಹಾಗೆ ಕರೆಯುವ ಹಕ್ಕು ಇನ್ನೂ ಉಳಿದಿದೆಯೋ ಇಲ್ಲವೋ ತಿಳಿಯದು.

ಈಚೆಗೆ ಕಾಲೇಜು ಮುಗಿಸಿ ಬಂದ ತರುಣರಿಗೆ ಎಲ್.ಎಂ.ಪಿ. ಎಂದರೇನೆಂದೇ ಗೊತ್ತಿರಲಿಕ್ಕಿಲ್ಲ. ನಮ್ಮ ಕಾಲದಲ್ಲಿ ವೈದ್ಯಕೀಯ ಶಾಲೆಗಳಿದ್ದವು. ಕಾಲೇಜಿಗಿಂತ ಕಡಿಮೆ ವರ್ಷದ ಓದು. ಕೊನೆಗೆ ಸಿಗುತ್ತಿದ್ದುದು ಪದವಿಯಲ್ಲ, ಪರವಾನಗಿ. ಚನ್ನಣ್ಣನೂ ನಾನೂ ಅಂಥ ಒಂದೇ ಶಾಲೆಯವರು, ಅವನು ನನಗಿಂತ ಮೇಲಿನ ತರಗತಿ. ಆ ಪರವಾನಗಿಯ ಬಲದಿಂದಲೇ ನಾವು ಹೆರಿಗೆ ಮಾಡಿಸಿದೆವು, ಮುರಿದ ಮೂಳೆ ಕೂಡಿಸಿದೆವು, ವಾಂತಿಭೇದಿ ಬಂದ ಊರುಗಳಲ್ಲಿ ಓಡಾಡಿದೆವು. ಆದರೂ ಎಂ.ಬಿ.ಬಿ.ಎಸ್. ಆದವರು ಕೂತ ಸಾಲಿನಲ್ಲಿ ನಮಗೆ ಕುರ್ಚಿ ಹಾಕುವ ಮುಂಚೆ ಜವಾನ ಕೂಡ ಒಂದು ಗಳಿಗೆ ಯೋಚಿಸುತ್ತಿದ್ದ. ‘ಅರ್ಧ ಡಾಕ್ಟರು’ ಎಂದು ನಮಗೊಂದು ಹೆಸರಿತ್ತು. ಚನ್ನಣ್ಣ ಅದಕ್ಕೆ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ನನ್ನ ದವಾಖಾನೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಅವನದು ಹರಿಹರದಲ್ಲಿ. ಮಲೆಬೆನ್ನೂರು ಕಡೆಯ ಭತ್ತದ ಸೀಮೆಯವರೆಲ್ಲ ಅವನ ಹತ್ತಿರವೇ ಹೋಗುತ್ತಿದ್ದರು. ತಿಂಗಳಿಗೊಮ್ಮೆ ಜಿಲ್ಲಾ ಕೇಂದ್ರವಾದ ದುರ್ಗದಲ್ಲಿ ಜಿಲ್ಲಾ ವೈದ್ಯಾಧಿಕಾರಿಗಳು ಖಾಸಗಿ ವೈದ್ಯರನ್ನೆಲ್ಲ ಕರೆದು ಹೊಸ ಆದೇಶಗಳನ್ನು ಓದಿ ಹೇಳುತ್ತಿದ್ದರು. ಆಗ ಈ ಪತ್ರಿಕೆ ಇರಲಿಲ್ಲ. ಸಭೆಗೆ ಹೋಗದವನಿಗೆ ಸುದ್ದಿ ಇಲ್ಲ. ಇಬ್ಬರೂ ದವಾಖಾನೆ ಮುಚ್ಚಿ ಹೋದರೆ ರೋಗಿಗಳ ಗತಿಯೇನು? ಅದಕ್ಕೆ ನಾವೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಒಂದು ತಿಂಗಳು ಅವನು ದುರ್ಗಕ್ಕೆ, ಒಂದು ತಿಂಗಳು ನಾನು. ಹೋಗದವನು ಬೆಳಿಗ್ಗೆ ತನ್ನ ದವಾಖಾನೆ ನೋಡಿಕೊಂಡು, ಮಧ್ಯಾಹ್ನದ ಮೇಲೆ ಬಸ್ಸು ಹತ್ತಿ ಇನ್ನೊಬ್ಬನದರಲ್ಲಿ ಕೂರಬೇಕು. ಹೋಗಿ ಬಂದವನು ಅಲ್ಲಿ ಕೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಬೇಕು. ಒಪ್ಪಿಸುವಾಗ ಮಧ್ಯೆ ಬಾಯಿ ಹಾಕಬಾರದೆಂದು ಕೇಳುವವನ ಮುಂದೆ ಮಂಡಕ್ಕಿ, ಮಿರ್ಚಿ ತರಿಸಿ ಇಡುತ್ತಿದ್ದೆವು.

“ಹೂಂ, ಒಪ್ಸಪ್ಪಾ ನಿನ್ನ ಪಾಠ,” ಎನ್ನುತ್ತಿದ್ದ ಚನ್ನಣ್ಣ, ಬಾಯಿತುಂಬ ಮಂಡಕ್ಕಿ ಇಟ್ಟುಕೊಂಡು.

ಕೇಳಲು ಚೆಂದವಾಗಿಯೇ ಇದೆ. ಆದರೆ ಆ ಪದ್ಧತಿಯಲ್ಲೇ ನನ್ನ ಹೊಟ್ಟೆಕಿಚ್ಚಿನ ಬೀಜವೂ ಇತ್ತು. ನಾನು ದುರ್ಗಕ್ಕೆ ಹೋಗುವ ದಿನ ಯಾವುದೆಂದು ನನ್ನ ರೋಗಿಗಳು ಕೇಳಿ ತಿಳಿದುಕೊಳ್ಳತೊಡಗಿದರು. ಆ ದಿನ ನನ್ನ ದವಾಖಾನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಉಳಿದ ದಿನ ನೊಣ. ಹೋಗಲಿ, ಊರಿನವರು ಬೇರೆ. ನನ್ನ ಹೆತ್ತವ್ವ, ಮೊಳಕಾಲು ನೋವೆಂದು ನರಳುವವಳು, ನಾನು ಮುಟ್ಟಿ ನೋಡಲು ಹೋದರೆ ಕಾಲು ಹಿಂದಕ್ಕೆಳೆದುಕೊಂಡು, “ನೀನು ಬ್ಯಾಡ ತಗಿ, ಚನ್ನಣ್ಣ ಬರೋ ದಿನ ತೋರಿಸ್ತೀನಿ,” ಎಂದಳು. ನಾನು ನಕ್ಕೆ. ನಕ್ಕು ಒಳಗೆ ಹೋಗಿ, ಕೈ ತೊಳೆದುಕೊಳ್ಳುತ್ತ ಬಹಳ ಹೊತ್ತು ನಿಂತಿದ್ದೆ.

ಹೀಗಿರುವಾಗ ನನ್ನ ಸರದಿಯ ಒಂದು ಸಭೆ. ಐವತ್ತರ ದಶಕದ ಮಾತು. ಸಭೆ ಮುಗಿದು ಕಾಫಿ ಕುಡಿಯುವಾಗ ಜಿಲ್ಲಾ ವೈದ್ಯಾಧಿಕಾರಿ ಸಾಹೇಬರು ನನ್ನನ್ನು ವರಾಂಡದ ಮೂಲೆಗೆ ಕರೆದರು. ಮೈಸೂರು ಕಡೆಯ ಸಜ್ಜನರು.

“ರುದ್ರಪ್ಪನೋರೇ, ಎಲ್.ಎಂ.ಪಿ. ಆದೋರಿಗೆ ಬೆಂಗಳೂರಲ್ಲಿ ಎಂ.ಬಿ.ಬಿ.ಎಸ್. ಮುಗಿಸ್ಕೊಳ್ಳೋಕೆ ಅವಕಾಶ ಕೊಡ್ತಿದಾರೆ. ನಿಮ್ಮ ಕಡೆಯಿಂದ ಒಬ್ಬರ ಹೆಸರು ನಾನು ಕಳಿಸಬಹುದು, ಒಬ್ಬರದೇ. ಚನ್ನಬಸಪ್ಪನೋರು ಹಿರಿಯರು, ಮೊದಲು ಅವರನ್ನ ಕೇಳಿ. ಅವರು ಬೇಡ ಅಂದ್ರೆ ನಿಮ್ಮದು. ಮುಂದಿನ ಸಭೇಲಿ ಹೇಳಿಬಿಡಿ.”

ಅವರಿಗೆ ಬೇರೆಯಾಗಿ ತಿಳಿಸುತ್ತೀರಾ ಎಂದು ನಾನು ಕೇಳಿದೆ. ಯಾಕೆ ಕೇಳಿದೆನೋ! ಆಗಲೇ ಮನಸ್ಸಿನಲ್ಲಿ ಏನೋ ಹೊಂಚು ಹಾಕಿತ್ತೋ — ಗೊತ್ತಿಲ್ಲ. ಸಾಹೇಬರು ನಕ್ಕರು.

“ನಿಮ್ಮಿಬ್ಬರಲ್ಲಿ ಒಬ್ಬರಿಗೆ ಹೇಳಿದ್ರೆ ಇಬ್ಬರಿಗೂ ಹೇಳಿದ ಹಾಗೇ ಅಲ್ವೇ? ಜಿಲ್ಲೆಗೆಲ್ಲ ಗೊತ್ತಿರೋ ಮಾತು.”

ಬಸ್ಸಿನಲ್ಲಿ ಬರುವಾಗ ಚನ್ನಣ್ಣನಿಗೆ ಹೇಳಬೇಕೆಂದೇ ಇದ್ದೆ. ಇದನ್ನು ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ಹೇಳಬೇಕೆಂದಿದ್ದು ಹೇಳದವನು, ಮೊದಲಿಂದಲೇ ಹೇಳಬಾರದೆಂದಿದ್ದವನಿಗಿಂತ ಏನು ಮೇಲು? ದವಾಖಾನೆಗೆ ಬಂದರೆ ಅಂಗಳದ ತನಕ ಜನ. ಹತ್ತಿಯ ಮಿಲ್ಲಿನ ಕೆಲಸಗಾರನೊಬ್ಬನ ಕೈ ಯಂತ್ರಕ್ಕೆ ಸಿಕ್ಕು ಜಜ್ಜಿಹೋಗಿತ್ತು, ಚನ್ನಣ್ಣ ಅದನ್ನು ಹೊಲಿದು ಮುಗಿಸುತ್ತಿದ್ದ. ಅಂಗಿಯ ತೋಳೆಲ್ಲ ರಕ್ತ. ಆ ಮನುಷ್ಯನ ಹೆಂಡತಿ ಚನ್ನಣ್ಣನ ಕಾಲಿಗೆ ಬೀಳಲು ಹೋಗುತ್ತಿದ್ದಳು, ಅವನು, “ಏಳವ್ವಾ, ಇದು ನನ್ನ ದವಾಖಾನಿ ಅಲ್ಲ, ಇವ್ರದು, ಇವ್ರ ಕಾಲಿಗೆ ಬೀಳು,” ಎಂದು ನನ್ನತ್ತ ಕೈ ತೋರಿಸಿದ. ಅವಳು ನನ್ನನ್ನು ನೋಡಿದಳು. ನೋಡಿ, ಮತ್ತೆ ಅವನ ಕಾಲಿಗೇ ಬಿದ್ದಳು.

ಜನ ಕರಗಿದ ಮೇಲೆ ಮಂಡಕ್ಕಿ ಬಂತು. ನಾನು ಒಪ್ಪಿಸಿದೆ. ಅಫೀಮು ಬೆರೆತ ಔಷಧಗಳ ದಾಸ್ತಾನನ್ನು ಇನ್ನು ಮೇಲೆ ಬೀಗ ಹಾಕಿ ಇಡಬೇಕೆಂಬುದು, ಪೆನ್ಸಿಲಿನ್ ಚುಚ್ಚುವ ಮುಂಚೆ ಒಗ್ಗುತ್ತದೋ ಇಲ್ಲವೋ ಪರೀಕ್ಷಿಸಬೇಕೆಂಬುದು, ಸಿಡುಬು ಕಂಡರೆ ಯಾರಿಗೆ ಮೊದಲು ವರದಿ ಕಳಿಸಬೇಕೆಂಬುದು — ಎಲ್ಲವನ್ನೂ, ಅಲ್ಪವಿರಾಮವನ್ನೂ ಬಿಡದೆ ಒಪ್ಪಿಸಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಒಪ್ಪಿಸಿರಲಿಲ್ಲ. ಒಂದನ್ನು ನುಂಗುವವನಿಗೆ ಉಳಿದದ್ದೆಲ್ಲ ಬಾಯಿಪಾಠ ಬರುತ್ತದೆ.

“ಇಷ್ಟೇನಾ?” ಎಂದ ಚನ್ನಣ್ಣ.

“ಇಷ್ಟೇ,” ಎಂದೆ.

ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದರೆ ಚೆಂದ ಕಾಣುತ್ತದೆ. ಆದರೆ ಬಂತು. ಚೆನ್ನಾಗಿಯೇ ಬಂತು. ನಾಳೆ ಹೇಳಿದರಾಯಿತು ಎಂದುಕೊಂಡು ಮಲಗಿದೆ. ಹಾಗೆ ಎಷ್ಟೋ ನಾಳೆಗಳು ಹೋದವು.

ಮುಂದಿನ ಸಭೆಗೆ ಹೋಗುವ ಸರದಿ ಅವನದು. ಅವನು ಹೋದರೆ ಸಾಹೇಬರೇ ಕೇಳಿಬಿಡುತ್ತಾರೆ. ಆಗ ನಾನು ಎರಡನೆಯ ಹೆಜ್ಜೆ ಇಟ್ಟೆ. ಮೊದಲನೆಯದನ್ನು ಬೇಕಾದರೆ ಬಾಯಿ ತಪ್ಪಿತು ಎಂದೇನೋ ಹೇಳಬಹುದಿತ್ತು, ಇದನ್ನು ಹಾಗೆ ಹೇಳಲು ಬಾರದು. ಹರಿಹರಕ್ಕೆ ಹೋಗಿ, ದುರ್ಗದಲ್ಲಿ ಸೋದರಮಾವನ ಮನೆಯಲ್ಲಿ ಏನೋ ಕೆಲಸವಿದೆ, ಈ ತಿಂಗಳೂ ನಾನೇ ಹೋಗಿ ಬರುತ್ತೇನೆ ಎಂದೆ.

“ಹೋಗ್ ಹೋಗು ಮಾರಾಯ,” ಎಂದ. “ಆ ಬಸ್ಸಿನ ಧೂಳು ತಪ್ತು ನನಗ. ನಿನ್ನ ದವಾಖಾನಿ ಚಿಂತಿ ಬಿಡು, ನಾ ಬಂದು ಕೂಡ್ತೀನಿ.”

ಹೀಗೆ ಅವನು ನನ್ನ ಕುರ್ಚಿಯಲ್ಲಿ ಕುಳಿತು ನನ್ನ ರೋಗಿಗಳ ನಾಡಿ ಹಿಡಿದಿದ್ದ ಹೊತ್ತಿನಲ್ಲೇ, ನಾನು ದುರ್ಗದ ವರಾಂಡದಲ್ಲಿ ನಿಂತು ಸಾಹೇಬರಿಗೆ ಹೇಳಿದೆ: “ಕೇಳಿದೆ ಸಾರ್. ಅವರು ಒಲ್ಲೆ ಅಂದ್ರು.”

“ಅಯ್ಯೋ, ಯಾಕಂತೆ?”

ಇದಕ್ಕೆ ನಾನು ತಯಾರಾಗಿರಲಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರೆ, ನನಗೂ ಸಿಕ್ಕಿತು. “ಈ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಅಂದ್ರೆ ಹೆದರಿಕೆಯಂತೆ ಸಾರ್,” ಎಂದೆ. ಸುತ್ತ ನಿಂತಿದ್ದ ಇಬ್ಬರು ಮೂವರು ವೈದ್ಯರು ನಕ್ಕರು. ನಾನೂ ನಕ್ಕೆ.

ನನಗೆ ಕರೆ ಬಂತು. ಸಾಹೇಬರು ತಾವಾಗಿಯೇ ನನ್ನ ಹೆಸರು ಕಳಿಸಿಬಿಟ್ಟಿದ್ದಾರೆ ಎಂದು ಚನ್ನಣ್ಣನಿಗೆ ಹೇಳಿದೆ. “ಒಬ್ರಿಗೇ ಏನು?” ಎಂದ. ಹೌದೆಂದೆ. ಆಗ ಅವನ ಮುಖದ ಮೇಲೆ ಬಂದು ಹೋದದ್ದನ್ನು ನಾನು ಕಂಡೆ. ಆಸೆ. ಅವನಿಗೂ ಆಸೆಯಿತ್ತು! ‘ಅರ್ಧ ಡಾಕ್ಟರು’ ಎಂದಾಗ ಅವನು ನಗುತ್ತಿದ್ದುದನ್ನೇ ನೋಡಿ, ಅವನಿಗೆ ಆಸೆಯಿಲ್ಲ ಎಂದು ನಾನು ನನ್ನನ್ನೇ ನಂಬಿಸಿಕೊಂಡಿದ್ದೆ. ಆಮೇಲೆ ಅವನು ನನ್ನ ಬೆನ್ನಿಗೊಂದು ಗುದ್ದಿ, “ಹೋಗಿ ಬಾ. ನಮ್ಮಿಬ್ಬರಾಗ ಒಬ್ಬನಾರ ಪೂರಾ ಡಾಕ್ಟ್ರು ಆಗ್ಲಿ,” ಎಂದ.

ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ನಾನು ಬೆಂಗಳೂರಿನಲ್ಲಿ ಓದುತ್ತಿದ್ದಷ್ಟು ಕಾಲವೂ ನನ್ನ ದವಾಖಾನೆ ನಡೆಸಿದವನು ಅವನು. ಮಧ್ಯಾಹ್ನದ ಬಸ್ಸಿಗೆ ಹರಿಹರದಿಂದ ಬಂದು, ದೀಪ ಹಚ್ಚುವ ಹೊತ್ತು ಮೀರಿದ ಮೇಲೆ ತಿರುಗಿ ಹೋಗುತ್ತಿದ್ದ. ನನ್ನ ಮಗಳಿಗೆ ವಿಷಮಶೀತ ಜ್ವರ ಬಂದಾಗ ಹರಿಹರಕ್ಕೂ ಹೋಗದೆ ನಮ್ಮ ಮನೆಯಲ್ಲೇ ಇದ್ದು ಉಳಿಸಿಕೊಟ್ಟ. ನನಗೆ ತಿಳಿಸಿದರೆ ಓದು ಕೆಡುತ್ತದೆಂದು, ಅವಳು ಎದ್ದು ಓಡಾಡುವ ತನಕ ತಿಳಿಸಲೂ ಇಲ್ಲ. ಅವನೂ ನನ್ನಿಂದ ಒಂದು ಸುದ್ದಿ ಮುಚ್ಚಿಟ್ಟ — ಯಾವ ಸುದ್ದಿ, ಯಾತಕ್ಕಾಗಿ ಎಂಬುದನ್ನು ನೀವೇ ನೋಡಿ.

ಪದವಿಯೊಂದಿಗೆ ಬಂದೆ. ಬೋರ್ಡು ಬದಲಾಯಿತು. ಸಾಹೇಬರಿಗೆ ಅಷ್ಟರಲ್ಲಿ ಬೇರೆ ಜಿಲ್ಲೆಗೆ ವರ್ಗವಾಗಿತ್ತು. ಆದರೆ ನಾನು ವರಾಂಡದಲ್ಲಿ ಬಿತ್ತಿದ ಮಾತು ದುರ್ಗದಲ್ಲೇ ಉಳಿದು, ಮೊಳೆತು, ಜಿಲ್ಲೆಯಲ್ಲೆಲ್ಲ ಹಬ್ಬಿತ್ತು. ‘ಪರೀಕ್ಷೆಗೆ ಹೆದರಿದ ಡಾಕ್ಟರು’ — ಚನ್ನಣ್ಣನ ಬೆನ್ನ ಹಿಂದೆ ಸಂಘದವರು ಹಾಗೆನ್ನುತ್ತಿದ್ದರು. ನಿಮ್ಮಲ್ಲೂ ಅಂದವರಿದ್ದೀರಿ. ಮುಖದ ಮುಂದೆ ಯಾರೂ ಅನ್ನಲಿಲ್ಲ, ನಮ್ಮ ಕಡೆಯವರಿಗೆ ಅಷ್ಟು ದಾಕ್ಷಿಣ್ಯ ಇದ್ದೇ ಇದೆ. ನನ್ನೆದುರಿಗೆ ಅಂದಾಗ ಒಮ್ಮೆಯಾದರೂ ‘ಹಾಗಲ್ಲ’ ಎನ್ನಬಹುದಿತ್ತು. ಎನ್ನಲಿಲ್ಲ. ಎರಡು ಮೂರು ಸಲ ನಾನೇ ಮೊದಲು ನಕ್ಕದ್ದೂ ಉಂಟು.

ಹರಿಹರದಲ್ಲಿ ಹೊಳೆಯ ದಂಡೆಯ ಒಂದು ಕಾರ್ಖಾನೆಗೆ, ಅದು ಶುರುವಾದಂದಿನಿಂದ ಚನ್ನಣ್ಣನೇ ಡಾಕ್ಟರು. ಕೂಲಿಕಾರರ ಮನೆಮನೆಯ ಕಥೆ ಅವನಿಗೆ ಗೊತ್ತಿತ್ತು, ಅವನಿಗೆ ಆ ಕೆಲಸ ಪ್ರಾಣ. ಅರವತ್ತರ ದಶಕ ಕಾಲಿಟ್ಟ ಹೊತ್ತಿಗೆ ಒಂದು ಸಭೆಯಲ್ಲಿ ಹೊಸ ಸೂಚನೆ ಬಂತು: ಕಾರ್ಖಾನೆಗಳ ಡಾಕ್ಟರಿಗೆ ಇನ್ನು ಪದವಿ ಇರಲೇಬೇಕು, ಪರವಾನಗಿ ಸಾಲದು. ಆ ಸಭೆಗೆ ಹೋಗಿದ್ದವನು ನಾನೇ. ಹರಿಹರಕ್ಕೆ ಬಂದು ಆ ಸುದ್ದಿಯನ್ನು ಚನ್ನಣ್ಣನಿಗೆ ಒಪ್ಪಿಸಿದವನೂ ನಾನೇ. ಈ ಸಲ ಏನನ್ನೂ ಬಿಡಲಿಲ್ಲ.

“ಹಂಗಾರ ನಂದು ಮುಗೀತು ಅನ್ನು,” ಎಂದ ಅವನು. ತಟ್ಟೆಯಲ್ಲಿದ್ದ ಮಂಡಕ್ಕಿಯನ್ನು ಬೆರಳಿನಿಂದ ಆಚೆ ಈಚೆ ಸರಿಸುತ್ತಿದ್ದ. “ಅವತ್ತು ನಿನಗ ಬಂದಂಗ ನನಗೂ ಒಂದು ಕರಿ ಬಂದಿದ್ರ...” ಎಂದು ಶುರುಮಾಡಿದವನು ಮುಗಿಸಲಿಲ್ಲ. ನಾನೂ ಮುಗಿಸಲಿಲ್ಲ. ಮುಗಿಸಲು ಗೊತ್ತಿದ್ದವನು ನಾನೊಬ್ಬನೇ.

ಕಾರ್ಖಾನೆಯವರು ಪದವಿ ಇರುವವರನ್ನು ಹುಡುಕಿಕೊಂಡು ನನ್ನ ಹತ್ತಿರ ಬಂದರು. ನಾನು ಒಪ್ಪಿಕೊಂಡೆ. ಆಗಲೂ ಅವನನ್ನು ಕೇಳಲಿಲ್ಲ.

ಇಷ್ಟಾದರೂ ಇದು ಹೊರಬೀಳುತ್ತಿತ್ತೋ ಇಲ್ಲವೋ. ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ವ್ಯಾಪಾರಿಯೊಬ್ಬರ ಮನೆಯ ಮದುವೆಗೆ ನಾವಿಬ್ಬರೂ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಪಕ್ಕಪಕ್ಕದಲ್ಲೇ ಕೂತಿದ್ದೆವು. ನಿವೃತ್ತರಾದ ಆ ಹಳೆಯ ಸಾಹೇಬರೂ ಬಂದಿದ್ದರು. ನಮ್ಮನ್ನು ಕಂಡು ಪ್ರೀತಿಯಿಂದ ಬಂದು ಎದುರಿಗೆ ಕೂತರು. ಅದೂ ಇದೂ ಮಾತಾಡುತ್ತ ಚನ್ನಣ್ಣನಿಗೆ ಹೇಳಿದರು: “ಕಾರ್ಖಾನೆ ಕೆಲಸ ಹೋಯ್ತಂತೆ, ಕೇಳಿ ಬಹಳ ಬೇಜಾರಾಯ್ತು. ಅವತ್ತು ನಾನು ಹೇಳಿ ಕಳಿಸಿದಾಗ ಪರೀಕ್ಷೆ ಅಂತ ಹೆದರದೆ ಹೂಂ ಅಂದುಬಿಟ್ಟಿದ್ರೆ ಇವತ್ತು ಇದು ಬರ್ತಿತ್ತೇ? ಮೊದಲು ನಿಮ್ಮನ್ನೇ ಕೇಳಿ ಅಂತ ರುದ್ರಪ್ಪನೋರಿಗೆ ಅಷ್ಟು ಹೇಳಿದ್ದೆ.”

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನಾನು ಎಲೆಯಿಂದ ಕಣ್ಣೆತ್ತಲಿಲ್ಲ. ಪಕ್ಕದಲ್ಲಿ ಚನ್ನಣ್ಣನ ಕೈ ಅನ್ನದ ಮೇಲೆ ನಿಂತದ್ದು ಕಾಣುತ್ತಿತ್ತು. ಅವನು ಎಲ್ಲವನ್ನೂ ಅಲ್ಲಿಯೇ, ಅಷ್ಟು ಜನರ ನಡುವೆ, ತಿಳಿದುಕೊಂಡ. ಅಲ್ಲಿಯೇ ಒಂದು ಮಾತು ಆಡಿದ್ದರೆ ನನ್ನ ಮಾನ ಎಲೆಯ ಮೇಲೆ ಬೀಳುತ್ತಿತ್ತು. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು.

“ಹೌದು ಸಾರ್,” ಎಂದ. “ಹೆದರಿದೆ.”

ಊಟ ಮುಗಿಸಿ ಕೈ ತೊಳೆದು ಇಬ್ಬರೂ ಬಸ್‌ಸ್ಟ್ಯಾಂಡಿನ ತನಕ ನಡೆದೆವು. ಹರಿಹರದ ಬಸ್ಸು ನಿಂತಿತ್ತು. ಅವನು ಹತ್ತುವ ಮುಂಚೆ ತಿರುಗಿ ಕೇಳಿದ.

“ನಾನು ಹೆದರಿದ್ದೆ ಅಂಬೋದು ಎಷ್ಟು ಮಂದಿಗೆ ಗೊತ್ತೈತೋ ರುದ್ರಾ?”

ಸುಳ್ಳು ಹೇಳಲಾಗಲಿಲ್ಲ. “ಎಲ್ಲಾರಿಗೂ,” ಎಂದೆ.

“ಹಂಗಾರ ನನಗೊಬ್ಬಗ ಸುದ್ದಿ ಮುಟ್ಟಿರಲಿಲ್ಲ,” ಎಂದು ಬಸ್ಸು ಹತ್ತಿದ.

ಅವನು ಬೈದಿದ್ದರೆ ನಾನೂ ಎರಡು ಮಾತಾಡಿ, ಅತ್ತು, ಹಗುರಾಗುತ್ತಿದ್ದೆನೇನೋ. ಅವನು ಅದಕ್ಕೂ ಅವಕಾಶ ಕೊಡಲಿಲ್ಲ. ಆ ದಿನದಿಂದ ಅವನು ನನ್ನ ದವಾಖಾನೆಗೆ ಕಾಲಿಟ್ಟಿಲ್ಲ. ಅವ್ವ, “ಚನ್ನಣ್ಣ ಯಾಕ ಬರವಲ್ಲ?” ಎಂದು ಕೇಳುತ್ತಾಳೆ. ಕೆಲಸ ಜಾಸ್ತಿಯಂತೆ ಎನ್ನುತ್ತೇನೆ. ಇನ್ನೂ ಅವನ ಪರವಾಗಿ ನಾನೇ ಉತ್ತರ ಕೊಡುತ್ತಿದ್ದೇನೆ!

ಕಾರ್ಖಾನೆಯ ಕೆಲಸ ಬಿಟ್ಟಿದ್ದೇನೆ. ಅದನ್ನು ದೊಡ್ಡ ತ್ಯಾಗವೆಂದು ಯಾರೂ ತಿಳಿಯಬಾರದು. ನಾನು ಬಿಟ್ಟರೂ ಅದು ಚನ್ನಣ್ಣನಿಗೆ ತಿರುಗಿ ಬರುವುದಿಲ್ಲ, ನಿಯಮ ನಿಯಮವೇ. ಎಲ್.ಎಂ.ಪಿ.ಗಳಿಗೆ ಆ ಓದಿನ ಅವಕಾಶವೂ ಮುಚ್ಚಿಹೋಗಿದೆ. ನಾನು ಕಸಿದುಕೊಂಡದ್ದನ್ನು ಹಿಂದಕ್ಕೆ ಕೊಡುವ ದಾರಿ ಯಾವ ಇಲಾಖೆಯಲ್ಲೂ ಇಲ್ಲ. ಕೊಡಬಹುದಾದದ್ದು ಒಂದೇ, ನನ್ನ ಮಾತಿನಿಂದ ಕೆಟ್ಟ ಅವನ ಹೆಸರು. ಆದ್ದರಿಂದ ಪರೀಕ್ಷೆಗೆ ಹೆದರಿದ ಡಾಕ್ಟರೆಂದು ನಕ್ಕವರೆಲ್ಲ ಕೇಳಿ: ಚನ್ನಬಸಪ್ಪನವರು ಯಾವುದಕ್ಕೂ ಹೆದರಲಿಲ್ಲ. ಹೆದರಿದವನು ನಾನು. ಕೇಳಿದರೆ ಎಲ್ಲಿ ಹೂಂ ಅಂದುಬಿಡುತ್ತಾನೋ ಎಂದು ಹೆದರಿದೆ.

ಇಷ್ಟನ್ನು ಬರೆದು, ಅಚ್ಚಿಗೆ ಕೊಡುವ ಮುಂಚೆ, ನಿನ್ನೆ ಹರಿಹರಕ್ಕೆ ಹೋದೆ. ರೋಗಿಗಳ ಜೊತೆ ಬೆಂಚಿನ ಮೇಲೆ ಕೂತೆ. ಅವನು ನನ್ನನ್ನು ಕಂಡೂ, ಮೊದಲು ಬಂದವರನ್ನೆಲ್ಲ ನೋಡಿ ಕಳಿಸಿ, ನನ್ನ ಸರದಿ ಬಂದಾಗ ಒಳಗೆ ಕರೆದ. ನಾನು ನಿಂತುಕೊಂಡೇ ಮೊದಲಿಂದ ಕೊನೆಯ ತನಕ ಓದಿದೆ. ಅವನು ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕೈ ಚಾಚಿ ಹಾಳೆ ಇಸಿದುಕೊಂಡ, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ತಾನೇ ಓದಿದ.

“ಎಲ್ಲಾ ಕಡೆ ‘ತಪ್ಪು’ ಅಂತ ಬರದೀಯಲ್ಲ,” ಎಂದ. “ತಪ್ಪು ಅಂಬೋದು ಗೊತ್ತಿಲ್ದ ಆಗೋದು. ರೋಗ ತಿಳೀದ ಔಷಧ ಕೊಟ್ಟೆ ಅನ್ನು, ಅದು ತಪ್ಪು. ಇದು ಮೋಸ. ಮೋಸ ಅಂತ ಬರಿ.”

ಅವನ ಮೇಜಿನ ಮೇಲಿದ್ದ ಪೆನ್ನನ್ನೇ ತೆಗೆದುಕೊಂಡು, ಅವನ ಎದುರಿಗೇ ಎಲ್ಲ ಕಡೆ ತಿದ್ದಿದೆ. ಇನ್ನೇನಾದರೂ ತಿದ್ದಬೇಕೇ ಎಂದು ಕೇಳಿದೆ.

ಅವನು ಬಾಗಿಲ ಕಡೆ ನೋಡಿ, “ಮುಂದಿನೋರು ಬರ್ರಿ,” ಎಂದ.